ಮೇಷ್ಟ್ರು ಕಾಲು ಮೇಲಿಟ್ಟುಕೊಂಡ ದಿನ

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು ಇರುತ್ತವೆ ಎಂಬುದು ಕಲಿಯಲು ಹೋದವರಿಗೆಲ್ಲ ಗೊತ್ತು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರ ಕಾಲಡಿ. ನಮ್ಮ ಈ ಮೇಷ್ಟ್ರು ಇಪ್ಪತ್ತಾರು ವರ್ಷ ಆ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬದುಕಿದವರು. ಊರಿನಲ್ಲಿ ಅವರಿಗೆ ‘ಎರಡನೇ ಬ್ರೇಕು’ ಅಂತಲೇ ಅಡ್ಡಹೆಸರು. ಊಟಕ್ಕೆ ಕೂತರೂ ಮೇಜಿನ ಕೆಳಗೆ ಅವರ ಬಲಗಾಲು ಒಂದು ಗೇಣು ಮುಂದಿರುತ್ತಿತ್ತು. ಹೆಂಡತಿ ತರಕಾರಿ ಹೆಚ್ಚುವಾಗ ಚಾಕು ಬೆರಳಿನ ಹತ್ತಿರ ಬಂದರೆ ಸಾಕು, ಆ ಕಾಲು ತನ್ನ ಪಾಡಿಗೆ ತಾನು ನೆಲ ಒತ್ತುತ್ತಿತ್ತು. ಇದು ಕಾರಲ್ಲ ರೀ, ಅಡುಗೆಮನೆ ಎಂದು ಆಕೆ ನಗುತ್ತಿದ್ದರು. ಅಂಥ ಮನುಷ್ಯನ ಮೇಲೆ ದುಡುಕಿನ, ನಿರ್ಲಕ್ಷ್ಯದ ಚಾಲನೆಯ ಮೊಕದ್ದಮೆ ಹೂಡಿದ್ದಾರೆ ಅಂದರೆ ಯಾರು ನಂಬುತ್ತಾರೆ? ಯಾರೂ ನಂಬಲಿಲ್ಲ. ತಾಪತ್ರಯ ಶುರುವಾಗಿದ್ದೇ ಅಲ್ಲಿಂದ.

ನಡೆದದ್ದು ಇಷ್ಟು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಒಬ್ಬ ನರ್ಸಮ್ಮ ಮೇಷ್ಟ್ರ ಹತ್ತಿರ ಕಾರು ಕಲಿಯುತ್ತಿದ್ದರು. ಕಲಿತದ್ದಾಗಿತ್ತು, ಮಾರನೆಯ ದಿನ ಪರೀಕ್ಷೆ. ಬೆಳಿಗ್ಗೆ ಹತ್ತರ ಸುಮಾರಿಗೆ ಹಳೇ ಅಂಚೆ ಕಚೇರಿಯ ಹಿಂದಿನ ರಸ್ತೆಯಲ್ಲಿ, ಇಟ್ಟಿಗೆ ಇಳಿಸುತ್ತಿದ್ದ ಲಾರಿಯ ಮರೆಯಿಂದ ಬೀಗ ರಿಪೇರಿಯವನು ಸೈಕಲ್ ತಳ್ಳಿಕೊಂಡು ರಸ್ತೆಗಿಳಿದ. ನರ್ಸಮ್ಮ ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದರು. ಕಾರು ಎರಡು ಕಾರಿನುದ್ದ ನುಗ್ಗಿ, ಸೈಕಲ್ಲಿಗೆ ಗುದ್ದಿ, ಆಮೇಲೆ ನಿಂತಿತು. ಬೀಗ ರಿಪೇರಿಯವನ ತೊಡೆಯ ಮೂಳೆ ಮುರಿಯಿತು. ಅವನ ಡಬ್ಬಿಯಲ್ಲಿದ್ದ ಕೀಲಿಗಳೆಲ್ಲ ರಸ್ತೆ ತುಂಬ ಚೆಲ್ಲಿಹೋದವು. ಆಂಬುಲೆನ್ಸ್ ಬರುವವರೆಗೆ ನರ್ಸಮ್ಮ ಅವನ ಕಾಲು ಅಲುಗದಂತೆ ಹಿಡಿದು ಕೂತರು. ಮೇಷ್ಟ್ರು ಏನು ಮಾಡುವುದೆಂದು ತೋಚದೆ ಕೀಲಿಗಳನ್ನು ಆರಿಸುತ್ತಿದ್ದರು.

ಕಲಿಸುವ ಕಾರಿನಲ್ಲಿ ಸ್ಟಿಯರಿಂಗ್ ಯಾರೇ ಹಿಡಿದಿರಲಿ, ಕಾನೂನಿನ ಕಣ್ಣಿಗೆ ಕಾರು ಓಡಿಸುತ್ತಿರುವವರು ಮೇಷ್ಟ್ರೇ. ಹಾಗಾಗಿ ಮೊಕದ್ದಮೆ ಅವರ ಮೇಲೆ ಬಿತ್ತು. ಅಪರಾಧ ಸಾಬೀತಾದರೆ ಕಲಿಸುವ ಲೈಸೆನ್ಸ್ ರದ್ದು, ಮತ್ತೆ ಸಿಗುವುದಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ, ಪಕ್ಕದ ಸೀಟಿನಲ್ಲಿ ಕೂರುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯ ಎಲ್ಲಿಗೆ ಹೋಗಬೇಕು ಹೇಳಿ. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವವನು ಬ್ರೇಕ್ ಒತ್ತಿದಿರಾ ಎಂದು ಕೇಳಿದ. ಒತ್ತಿದೆ ಎಂದರು. ನಿಜವೇ, ಒತ್ತಿದ್ದರು. ಅವನು ‘ಕೂಡಲೇ ಬ್ರೇಕ್ ಒತ್ತಿದೆ’ ಎಂದು ಬರೆದು ಮುಂದೆ ತಳ್ಳಿದ. ಮೇಷ್ಟ್ರು ಓದಿದರು, ಪೆನ್ನು ಹಿಡಿದುಕೊಂಡು ಒಂದು ನಿಮಿಷ ಹಾಗೇ ಕೂತರು, ಸಹಿ ಹಾಕಿದರು.

ಈಗ ಪೊಲೀಸರಿಗೂ ವಕೀಲರಿಗೂ ಕಟ್ಟಿಕೊಂಡ ಹೆಂಡತಿಗೂ ಗೊತ್ತಿಲ್ಲದ ಒಂದು ವಿಷಯ ನಿಮಗೆ ಹೇಳಿಬಿಡುತ್ತೇನೆ, ಮುಚ್ಚಿಟ್ಟು ನನಗೇನೂ ಆಗಬೇಕಾದ್ದಿಲ್ಲ. ನರ್ಸಮ್ಮ ಆಕ್ಸಿಲರೇಟರ್ ತುಳಿದಾಗ ಮೇಷ್ಟ್ರ ಎರಡು ಕಾಲೂ ಸೀಟಿನ ಮೇಲಿದ್ದವು. ಚಪ್ಪಲಿ ಕೆಳಗೆ ಬಿಟ್ಟು, ಮನೆಯಲ್ಲಿ ಚಾಪೆಯ ಮೇಲೆ ಕೂತ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

ಸೋಮಾರಿತನ ಅಂದುಕೊಳ್ಳಬೇಡಿ. ಅದಕ್ಕೊಂದು ಕತೆಯಿದೆ. ಇಪ್ಪತ್ತು ವರ್ಷದ ಹಿಂದೆ ಅವರ ಹತ್ತಿರ ಒಬ್ಬ ದರ್ಜಿ ಬರುತ್ತಿದ್ದ. ಐದು ಸಲ ಪರೀಕ್ಷೆಗೆ ಹೋಗಿ ಐದು ಸಲವೂ ನಪಾಸಾದ ಪುಣ್ಯಾತ್ಮ. ಸ್ಟಿಯರಿಂಗ್ ಹಿಡಿದರೆ ಅವನ ಕಣ್ಣು ರಸ್ತೆಯ ಮೇಲಿರುತ್ತಿರಲಿಲ್ಲ, ಮೇಷ್ಟ್ರ ಕಾಲಿನ ಮೇಲಿರುತ್ತಿತ್ತು. ಈಗ ಒತ್ತುತ್ತಾರಾ, ಈಗ ಒತ್ತುತ್ತಾರಾ ಎಂದು ಕಾಯುವುದೇ ಅವನ ಡ್ರೈವಿಂಗು. ಒಂದು ದಿನ ಹೊಸ ಬೂಟು ಕಚ್ಚಿ, ತಡೆಯಲಾರದೆ ಮೇಷ್ಟ್ರು ಬೂಟು ಕಳಚಿ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡರು. ದರ್ಜಿಗೆ ಜೀವ ಬಾಯಿಗೆ ಬಂತು. ಬ್ರೇಕಿಗೆ ಯಾರು ಗತಿ ಎಂದು ಕೇಳಿದ. ನಿನ್ನ ಹತ್ತಿರ ಒಂದಿದೆಯಲ್ಲಪ್ಪ, ಸಾಕು ಎಂದರು ಮೇಷ್ಟ್ರು. ಅವತ್ತು ಆ ದರ್ಜಿ ಬಸ್ಸು, ಆಟೋ, ಶಾಲೆ ಬಿಟ್ಟ ಮಕ್ಕಳು, ಎಲ್ಲರ ನಡುವೆ ಕಾರನ್ನು ನೂಲು ಪೋಣಿಸಿದ ಹಾಗೆ ತಂದು ನಿಲ್ಲಿಸಿದ. ಮಾರನೆಯ ದಿನ ಪಾಸಾದ.

ಅಲ್ಲಿಂದ ಅದೇ ಒಂದು ಪದ್ಧತಿಯಾಗಿಹೋಯಿತು. ಪರೀಕ್ಷೆಯ ಹಿಂದಿನ ದಿನ ಮೇಷ್ಟ್ರು ಏನೂ ಹೇಳದೆ ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟುಕೊಳ್ಳುತ್ತಿದ್ದರು. ಪಕ್ಕದವರು ನೋಡಿ ಬೆಚ್ಚಿದಾಗ, ‘ಇದು ನಿಮಗೆ ಮಾತ್ರ. ಯಾರಿಗೂ ಹೇಳ್ಬೇಡಿ’ ಎನ್ನುತ್ತಿದ್ದರು. ಹೇಳಬೇಡಿ ಎಂದದ್ದು ನಿಯಮಕ್ಕೆ ಹೆದರಿ. ನಿಮಗೆ ಮಾತ್ರ ಎಂದದ್ದು, ಆ ಮಾತು ಕೇಳಿದ ಕೂಡಲೇ ಎದುರಿಗಿದ್ದವರ ಬೆನ್ನು ನೆಟ್ಟಗಾಗುತ್ತಿತ್ತು, ಅದಕ್ಕೆ. ನೂರಾರು ಜನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೋದರು. ಒಬ್ಬರೂ ಬಾಯಿ ಬಿಡಲಿಲ್ಲ.

ಮೊದಲೆಲ್ಲ ಏನೂ ಆಗುತ್ತಿರಲಿಲ್ಲ. ಅಂದಾಜು ತಪ್ಪಿದರೆ ಕಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿಳಿದು ಬ್ರೇಕಿನ ಮೇಲಿರುತ್ತಿತ್ತು. ಆದರೆ ಈ ಎರಡು ವರ್ಷದಿಂದ ಮಂಡಿ ಮಾತು ಕೇಳುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಮೇಷ್ಟ್ರು ಗೋಡೆ ಹಿಡಿದುಕೊಳ್ಳುತ್ತಿದ್ದರು. ಮೆಟ್ಟಿಲಿನ ಲೆಕ್ಕ ಹಾಕಿದ ಮನುಷ್ಯ ಸೀಟಿನ ಲೆಕ್ಕ ಹಾಕಿರಲಿಲ್ಲ. ಅವತ್ತು ಕಾಲು ಇಳಿಸಲು ಹೋದರೆ ಮಂಡಿ ಕಚ್ಚಿಕೊಂಡಿತು. ಕೈಯಲ್ಲಿ ಎತ್ತಿ ಕೆಳಗೆ ಹಾಕಿ, ಚಪ್ಪಲಿಯ ಮೇಲೆ ಕಾಲಿಟ್ಟು ಜಾರಿ, ಆಮೇಲೆ ಒತ್ತಿದರು. ಅಷ್ಟರಲ್ಲಿ ಎರಡು ಕಾರಿನುದ್ದ ಮುಗಿದಿತ್ತು.

ಕಾಲು ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ‘ಎರಡನೇ ಬ್ರೇಕು’ ಎಂಬ ಹೆಸರಿನವನ ಕಾಲು ಇನ್ನೆಲ್ಲಿರುತ್ತದೆ?

ಮೇಷ್ಟ್ರ ಪರವಾಗಿ ನಿಂತ ವಕೀಲರು ಅವರ ಹತ್ತಿರವೇ ಕಾರು ಕಲಿತವರು. ಸುದ್ದಿ ಕೇಳಿದ ದಿನವೇ ತಾವಾಗಿ ಮನೆಗೆ ಬಂದು, ಇದನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ಫೈಲು ಎತ್ತಿಕೊಂಡು ಹೋದರು. ಅವರ ಕಚೇರಿ ಫೋಟೋ ಸ್ಟುಡಿಯೋದ ಮೇಲೆ, ಕಡಿದಾದ ಮೆಟ್ಟಿಲು. ಮೇಷ್ಟ್ರು ಮೂರು ಸಲ ಆ ಮೆಟ್ಟಿಲು ಹತ್ತಿದರು. ಮೂರು ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹತ್ತಿದ್ದು. ‘ಒಂದು ವಿಷಯ ಇತ್ತು’ ಎಂದು ಅವರು ಬಾಯಿ ತೆರೆದರೆ ವಕೀಲರ ಫೋನು ಬಡಿದುಕೊಳ್ಳುತ್ತಿತ್ತು, ಇಲ್ಲವೇ ವಕೀಲರೇ ಅವರ ಕೈ ಹಿಡಿದು, ‘ಮೇಷ್ಟ್ರೇ, ನಿಮ್ಮನ್ನ ನನಗಿಂತ ಚೆನ್ನಾಗಿ ಯಾರು ಬಲ್ಲರು? ನೀವು ಸುಮ್ನೆ ಕೂತ್ಕೊಳ್ಳಿ’ ಎಂದುಬಿಡುತ್ತಿದ್ದರು. ಅಷ್ಟು ನಂಬಿಕೆಯಿಂದ ನೋಡುವವರ ಮುಖದ ಮೇಲೆ ಹೇಗೆ ಹೇಳುವುದು? ಮೇಷ್ಟ್ರು ಸುಮ್ಮನೆ ಕೂತರು, ಸುಮ್ಮನೆ ಇಳಿದು ಬಂದರು. ಇಳಿಯುವಾಗ ಮಂಡಿ ಚಿಟಿಚಿಟಿ ಅನ್ನುತ್ತಿತ್ತು.

ವಕೀಲರ ಯೋಜನೆ ಸರಳವಾಗಿತ್ತು. ಮೇಷ್ಟ್ರು ಎಷ್ಟು ಜಾಗರೂಕ ಮನುಷ್ಯ ಎಂಬುದನ್ನು ಹಳೆಯ ಶಿಷ್ಯರ ಬಾಯಿಂದಲೇ ಹೇಳಿಸುವುದು. ಇದನ್ನು ಕೇಳಿದ ಮೇಷ್ಟ್ರ ಮುಖ ಸುಣ್ಣವಾಯಿತು. ಪಾಪ ಅವರಿಗೆಲ್ಲ ಯಾಕೆ ತೊಂದರೆ, ಎಲ್ಲರಿಗೂ ಅವರವರ ಕೆಲಸ ಇರುತ್ತದೆ ಎಂದು ಗೊಣಗಿದರು. ಆದರೆ ಪಕ್ಕದಲ್ಲಿ ಹೆಂಡತಿ ಕೂತಿದ್ದರಲ್ಲ! ಮೂರು ತಿಂಗಳಿಂದ ಗಂಡ ಅನ್ನ ಕಲಸಿಟ್ಟು ಏಳುವುದನ್ನು ನೋಡಿ ಒಳಗೊಳಗೇ ಬೇಯುತ್ತಿದ್ದ ಹೆಂಗಸಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಸ್ಕೂಲಿನ ಹಳೆಯ ರಿಜಿಸ್ಟರು ತರಿಸಿಕೊಂಡು, ಕನ್ನಡಕ ಏರಿಸಿಕೊಂಡು ಹೆಸರು ಬರೆದುಕೊಂಡರು. ಮದುವೆಗೆ ಕರೆಯುವ ಹಾಗೆ ಮನೆಮನೆ ಹತ್ತಿಳಿದರು. ಕರೆದವರೆಲ್ಲ ಒಪ್ಪಿಕೊಂಡರು. ಹನ್ನೊಂದು ಜನ ಸಾಕು ಎಂದು ವಕೀಲರೇ ತಡೆಯಬೇಕಾಯಿತು. ಬೇಕರಿಯವನು, ಆ ದರ್ಜಿ, ನಿವೃತ್ತರಾದ ಗಣಿತದ ಟೀಚರು, ಹೀಗೆ. ಬಂದು ಗಂಡನಿಗೆ ಆ ಪಟ್ಟಿ ಓದಿ ಹೇಳುವಾಗ ಆಕೆಯ ಮುಖ ಬಹಳ ದಿನದ ಮೇಲೆ ಬೆಳಗಿತ್ತು.

‘ನೋಡಿ, ಎಷ್ಟು ಜನ ಸಂಪಾದಿಸಿದ್ದೀರಿ’ ಎಂದರು.

ಮೇಷ್ಟ್ರು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತರು.

ವಿಚಾರಣೆಯ ದಿನ ಕೋರ್ಟಿನ ಉದ್ದ ವರಾಂಡದಲ್ಲಿ ನರ್ಸಮ್ಮ ಕಂಬದ ಪಕ್ಕ ನಿಂತಿದ್ದರು. ಆಕೆ ಪರೀಕ್ಷೆಗೆ ಹೋಗಲೇ ಇಲ್ಲ. ಈಗಲೂ ಬಸ್ಸಿನಲ್ಲೇ ಓಡಾಡಿ, ಸಂಜೆ ಬೀಗ ರಿಪೇರಿಯವನ ಮನೆಗೆ ಹೋಗಿ ಅವನ ಕಾಲಿಗೆ ವ್ಯಾಯಾಮ ಮಾಡಿಸಿ ಬರುತ್ತಿದ್ದರು. ಮೇಷ್ಟ್ರನ್ನು ಕಂಡು ಹತ್ತಿರ ಬಂದು, ನನ್ನ ಸಾಕ್ಷಿಯಲ್ಲಿ ನೀವು ಬ್ರೇಕ್ ಒತ್ತಿದಿರಿ ಎಂದಷ್ಟೇ ಹೇಳಿದ್ದೇನೆ, ಕಾಲಿನ ವಿಷಯ ಎತ್ತಿಲ್ಲ, ಸಾಯುವವರೆಗೂ ಎತ್ತುವುದಿಲ್ಲ ಎಂದು ಪಿಸುಗುಟ್ಟಿದರು. ‘ತಪ್ಪು ತುಳಿದಿದ್ದು ನಾನು ಸರ್. ನೀವ್ಯಾಕೆ ಅನುಭವಿಸ್ಬೇಕು?’ ಆಕೆಯ ಕಣ್ಣು ತುಂಬಿತ್ತು. ಮೇಷ್ಟ್ರು ಆಕೆಯ ಭುಜ ತಟ್ಟಿದರು. ತಮ್ಮ ಸಲುವಾಗಿ ಇನ್ನೊಬ್ಬರು ಹೀಗೆ ಬಾಯಿಗೆ ಬೀಗ ಹಾಕಿಕೊಂಡು ನಿಲ್ಲಬೇಕಾಯಿತಲ್ಲ ಎಂದುಕೊಂಡು ಒಳಗೆ ನಡೆದರು.

ಒಳಗೆ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಗುಮಾಸ್ತ ಕಾಗದಕ್ಕೆ ಸೀಲು ಕುಟ್ಟುತ್ತಲೇ ಇದ್ದ. ಬೀಗ ರಿಪೇರಿಯವನು ಊರುಗೋಲು ಪಕ್ಕಕ್ಕಿಟ್ಟುಕೊಂಡು ಮುಂದಿನ ಬೆಂಚಿನಲ್ಲಿ ಕೂತಿದ್ದ. ಅವನ ಸಾಕ್ಷಿ ಹಿಂದೆಯೇ ಆಗಿತ್ತು. ಲಾರಿಯ ಮರೆಯಿಂದ ನೋಡದೆ ಬಂದದ್ದು ನನ್ನದೂ ತಪ್ಪೇ ಎಂದು ಆ ಮಹಾನುಭಾವ ಹೇಳಿಬಿಟ್ಟಿದ್ದ. ಅವನು ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಹಿಂದಿನ ಎರಡು ಬೆಂಚಿನಲ್ಲಿ ಹನ್ನೊಂದು ಶಿಷ್ಯರು, ಇಸ್ತ್ರಿ ಬಟ್ಟೆ ಹಾಕಿಕೊಂಡು, ಶಾಲೆಯ ಮಕ್ಕಳ ಹಾಗೆ ಕೈಕಟ್ಟಿ ಕೂತಿದ್ದರು. ಅವರ ಹಿಂದೆ ನರ್ಸಮ್ಮ. ಮೇಷ್ಟ್ರು ಕಟಕಟೆಯಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡಿದರು. ಒಬ್ಬೊಬ್ಬರ ಕಲಿಕೆಯ ಕೊನೆಯ ದಿನವೂ ಅವರಿಗೆ ನೆನಪಿತ್ತು, ಯಾವ ರಸ್ತೆ, ಯಾವ ತಿರುವು, ಎಲ್ಲವೂ.

ಮೊದಲು ಬೇಕರಿಯವನು ಬಂದ. ಮೇಷ್ಟ್ರು ಕನ್ನಡಿ ಸರಿಮಾಡದೆ ಕಾರು ಚಾಲೂ ಮಾಡಲು ಬಿಟ್ಟವರೇ ಅಲ್ಲ, ಬೆಕ್ಕು ಅಡ್ಡ ಬಂದರೂ ನಿಲ್ಲಿಸಿ ಅದು ದಾಟುವವರೆಗೆ ಕಾಯಿಸುತ್ತಿದ್ದರು ಎಂದು ಚೆನ್ನಾಗಿ ಹೇಳಿ ಇಳಿದ. ವಕೀಲರು ತಿರುಗಿ ಮೇಷ್ಟ್ರ ಕಡೆ ನಸುನಕ್ಕರು. ಒಂದು ಕ್ಷಣ, ಬಹಳ ದಿನದ ಮೇಲೆ ಒಂದೇ ಒಂದು ಕ್ಷಣ, ದಾಟಿಬಿಡುತ್ತೇನೇನೋ ಎಂದು ಮೇಷ್ಟ್ರಿಗೂ ಅನ್ನಿಸಿತು.

ಎರಡನೆಯವರು ಗಣಿತದ ಟೀಚರು. ಮೂವತ್ತೈದು ವರ್ಷ ಮಕ್ಕಳನ್ನು ಹದ್ದುಬಸ್ತಿನಲ್ಲಿಟ್ಟ ಹೆಂಗಸು, ನಿವೃತ್ತಿಯಾದ ಮೇಲೆ ಕಾರು ಕಲಿತವರು. ವಕೀಲರ ಪ್ರಶ್ನೆಗಳಿಗೆ ಚಾಚೂ ತಪ್ಪದೆ ಉತ್ತರ ಕೊಟ್ಟರು. ಆಮೇಲೆ ಸರ್ಕಾರಿ ವಕೀಲರು ಎದ್ದರು. ಅವರ ವಾದವೇ ಬೇರೆ ಇತ್ತು. ಇಂಥ ಅತಿ ಎಚ್ಚರಿಕೆಯ ಮೇಷ್ಟ್ರುಗಳು ಕಲಿಯುವವರನ್ನು ನಂಬುವುದಿಲ್ಲ, ಮಾತುಮಾತಿಗೆ ಬ್ರೇಕ್ ಒತ್ತಿ, ಬೈದು, ಹೆದರಿಸಿಡುತ್ತಾರೆ, ಹೆದರಿದವರು ತಪ್ಪು ಪೆಡಲು ತುಳಿಯುತ್ತಾರೆ, ಅಲ್ಲವೇ ಅಮ್ಮ ಎಂದು ಕೇಳಿದರು. ಗುರಿ ಸಂಪೂರ್ಣ ತಪ್ಪಿತ್ತು. ಟೀಚರು ಸುಮ್ಮನೆ ಅಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು.

ಆದರೆ ಟೀಚರಿಗೆ ರೋಷ ಬಂತು. ಮೂಗಿನ ಹೊಳ್ಳೆ ಅರಳಿದ್ದು ಮೇಷ್ಟ್ರಿಗೆ ಕಟಕಟೆಯಿಂದಲೇ ಕಂಡಿತು. ಮೇಷ್ಟ್ರ ಬಲಗಾಲು ಹಲಗೆಯ ನೆಲವನ್ನು ಒತ್ತಿತು.

‘ಹೆದರಿಸೋದಾ? ನಮ್ಮ ಮೇಷ್ಟ್ರಾ?’ ಎಂದರು ಟೀಚರು. ‘ಈ ಮಾತು ಯಾರಿಗೂ ಹೇಳ್ಬೇಡಿ ಅಂದಿದ್ರು. ಏಳು ವರ್ಷ ಹೇಳಿಲ್ಲ. ಇವತ್ತು ಅವರ ಒಳ್ಳೇದಕ್ಕೇ ಹೇಳ್ತೀನಿ.’

ಮೇಷ್ಟ್ರ ಕಾಲು ಇನ್ನೂ ಜೋರಾಗಿ ಒತ್ತಿತು. ಮಂಡಿಯಿಂದ ಸೊಂಟದವರೆಗೆ ನೋವು ಹರಿಯಿತು. ಕೆಳಗೆ ಏನೂ ಇರಲಿಲ್ಲ, ಹಲಗೆ ಮಾತ್ರ.

ಟೀಚರು ಹೇಳಿದರು. ಎಲ್ಲವನ್ನೂ, ಲೆಕ್ಕ ಬಿಡಿಸಿದ ಹಾಗೆ ಹಂತಹಂತವಾಗಿ. ಅರವತ್ತು ದಾಟಿದ ಮುದುಕಿಗೆ ಇದೆಲ್ಲ ಯಾಕೆ ಎಂದು ಮನೆಯವರೇ ನಕ್ಕಿದ್ದು, ಕೊನೆಯ ದಿನ ಮೇಷ್ಟ್ರು ಚಪ್ಪಲಿ ಬಿಟ್ಟು ಎರಡೂ ಕಾಲನ್ನು ಸೀಟಿನ ಮೇಲಿಟ್ಟುಕೊಂಡು, ಇನ್ನು ನಿಮ್ಮ ಕಾರು ಎಂದದ್ದು. ತಮ್ಮ ಜೀವಮಾನದಲ್ಲಿ ತಮ್ಮನ್ನು ಅಷ್ಟು ನಂಬಿದವರು ಇನ್ನೊಬ್ಬರಿಲ್ಲ ಎಂದು ಹೇಳಿ ಮುಗಿಸಿದರು.

ಗುಮಾಸ್ತನ ಸೀಲು ನಿಂತುಹೋಯಿತು. ನ್ಯಾಯಾಧೀಶರು ಕನ್ನಡಕ ತೆಗೆದು, ಎರಡೂ ಕಾಲಾ ಎಂದು ಕೇಳಿದರು. ಎರಡೂ ಕಾಲು, ಚಕ್ಕಳಮಕ್ಕಳ ಎಂದರು ಟೀಚರು, ಹೆಮ್ಮೆಯಿಂದ.

ಹಿಂದಿನ ಬೆಂಚಿನಲ್ಲಿ ಗುಜುಗುಜು ಎದ್ದಿತು. ದರ್ಜಿ ಬೇಕರಿಯವನ ಮುಖ ನೋಡಿದ, ಬೇಕರಿಯವನು ಪಕ್ಕದವರ ಮುಖ ನೋಡಿದ. ‘ನನಗೂ’ ಎಂದ ಯಾರೋ. ‘ಅರೆ, ನನಗೂ’ ಎಂದ ಇನ್ನೊಬ್ಬ. ಇಷ್ಟು ವರ್ಷ ತನಗೊಬ್ಬನಿಗೇ ಎಂದು ಎದೆಯಲ್ಲಿಟ್ಟುಕೊಂಡದ್ದು ಪಕ್ಕದವರ ಎದೆಯಲ್ಲೂ ಇತ್ತು ಎಂದು ತಿಳಿದಾಗ ಅವರ ಮುಖ ನೋಡಬೇಕಿತ್ತು ನೀವು. ಅರ್ಧ ನಗು, ಅರ್ಧ ಮುನಿಸು. ನ್ಯಾಯಾಧೀಶರು ಮೇಜು ತಟ್ಟಿ, ಯಾರ್‍ಯಾರಿಗೆ ಹಾಗೆ ಮಾಡಿದ್ದಾರೋ ಅವರು ನಿಂತುಕೊಳ್ಳಿ ಎಂದರು. ಎಲ್ಲರೂ ನಿಂತರು. ಮೇಷ್ಟ್ರಿಗೆ ಒಳ್ಳೆಯದಾಗುತ್ತದೆ ಎಂದು ನಂಬಿ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತರು. ಕಲಿತವರಲ್ಲಿ ಕೂತೇ ಇದ್ದವರು ನರ್ಸಮ್ಮ ಒಬ್ಬರೇ, ಅವರು ತಲೆ ಬಗ್ಗಿಸಿ ನೆಲ ನೋಡುತ್ತಿದ್ದರು. ಮೇಷ್ಟ್ರ ವಕೀಲರು ಫೈಲಿನಲ್ಲಿ ಏನೋ ಹುಡುಕುವವರ ಹಾಗೆ ಪುಟ ತಿರುಗಿಸುತ್ತಿದ್ದರು. ಅವರ ಕಿವಿ ಕೆಂಪಗಾಗಿತ್ತು. ಅವರ ಕೊನೆಯ ದಿನವೂ ಮೇಷ್ಟ್ರಿಗೆ ನೆನಪಿತ್ತು, ರೈಲ್ವೆ ಸೇತುವೆಯ ಕೆಳಗಿನ ರಸ್ತೆ. ಅದು ತನಗೆ ಮಾತ್ರ ಸಿಕ್ಕ ಉಡುಗೊರೆ ಎಂದು ತಿಳಿದುಕೊಂಡಿದ್ದ ಮನುಷ್ಯನಿಗೆ, ನರ್ಸಮ್ಮನ ದಿನ ಕಾಲೆಲ್ಲಿತ್ತು ಎಂದು ಕೇಳಬೇಕೆಂದು ಹೇಗೆ ಹೊಳೆಯಬೇಕು?

ಮೇಷ್ಟ್ರ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದರು. ಆಕೆಗೆ ಇನ್ನೂ ಅರ್ಥವಾಗಿರಲಿಲ್ಲ. ಅಷ್ಟೂ ಜನ ಎದ್ದು ನಿಂತದ್ದು ನೋಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ನ್ಯಾಯಾಧೀಶರು ಮೇಷ್ಟ್ರ ಕಡೆ ತಿರುಗಿದರು. ಇಷ್ಟು ದಿನ ಯಾರೂ ಕೇಳದ ಪ್ರಶ್ನೆಯನ್ನು ಮೆಲ್ಲಗೆ ಕೇಳಿದರು. ಅಪಘಾತದ ದಿನ ನಿಮ್ಮ ಕಾಲು ಎಲ್ಲಿದ್ದವು?

ಕೆಳಗಿದ್ದವು ಎನ್ನಬಹುದಿತ್ತು. ವಕೀಲರು ಫೈಲಿನಿಂದ ತಲೆಯೆತ್ತಿ ಅದನ್ನೇ ಬೇಡುವವರ ಹಾಗೆ ನೋಡುತ್ತಿದ್ದರು. ನರ್ಸಮ್ಮ ಸಣ್ಣಗೆ ತಲೆಯಾಡಿಸಿದರು, ಬೇಡ ಸರ್, ಬೇಡ. ಒಂದೇ ಒಂದು ಸುಳ್ಳು, ಅದು ಸುಳ್ಳೆಂದು ಹೇಳುವ ಸಾಕ್ಷಿಯೂ ಇರಲಿಲ್ಲ. ಆದರೆ ಹನ್ನೊಂದು ಜನ ಇನ್ನೂ ನಿಂತೇ ಇದ್ದರು, ಕೂತುಕೊಳ್ಳಿ ಎಂದು ಹೇಳಲು ಎಲ್ಲರೂ ಮರೆತಿದ್ದರು. ಅವರೆಲ್ಲ ನಿಜ ಹೇಳಲು ಬಂದವರು. ಅವರ ಮುಂದೆ ಬೀಗ ರಿಪೇರಿಯವನು, ಕಾಲು ಉದ್ದಕ್ಕೆ ಚಾಚಿಕೊಂಡು, ಏನು ಹೇಳುತ್ತಾರೋ ಎಂದು ಕುತೂಹಲದಿಂದ ನೋಡುತ್ತಿದ್ದ.

‘ಮೇಲಿದ್ವು ಸ್ವಾಮಿ’ ಎಂದರು ಮೇಷ್ಟ್ರು. ‘ಮಂಡಿ ನೋವು. ಇಳಿಸೋದು ತಡ ಆಯ್ತು.’

ತೀರ್ಪು ಹತ್ತು ದಿನದ ಮೇಲೆ ಬಂತು. ಬೀಗ ರಿಪೇರಿಯವನ ಮಾತಿನಿಂದಾಗಿ, ನಿಜ ಒಪ್ಪಿಕೊಂಡದ್ದರಿಂದಾಗಿ ಜೈಲು ತಪ್ಪಿತು. ಕಲಿಸುವ ಲೈಸೆನ್ಸ್ ಶಾಶ್ವತವಾಗಿ ಹೋಯಿತು, ಓಡಿಸುವುದು ಮೂರು ವರ್ಷಕ್ಕೆ. ಮೇಷ್ಟ್ರು ಜೇಬಿನಿಂದ ಎರಡೂ ಲೈಸೆನ್ಸ್ ತೆಗೆದು ಗುಮಾಸ್ತನ ಮೇಜಿನ ಮೇಲಿಟ್ಟರು. ಅವನು ರಸೀದಿ ಬರೆದು ಕೊಟ್ಟ.

ಹೊರಗೆ ಮೆಟ್ಟಿಲ ಹತ್ತಿರ ಟೀಚರು ಕಾಯುತ್ತಿದ್ದರು. ಹತ್ತು ದಿನದಲ್ಲಿ ಅರ್ಧ ಇಳಿದುಹೋಗಿದ್ದರು. ಕೈಯಾರೆ ಹಾಳು ಮಾಡಿದೆ, ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು ಎಂದು ಅತ್ತರು. ಮೇಷ್ಟ್ರ ಹೆಂಡತಿಯೂ ಅತ್ತರು. ಕರೆತಂದದ್ದು ಆಕೆಯೇ ಅಲ್ಲವೇ. ಮೇಷ್ಟ್ರು ಇಬ್ಬರಿಗೂ ಬಿಡಿ, ಬಿಡಿ ಎಂದರು. ಮನೆಗೆ ನಾನೇ ಬಿಡುತ್ತೇನೆಂದು ಟೀಚರು ಹಟ ಹಿಡಿದರು. ಹೆಂಡತಿ ಹಿಂದೆ ಕೂತರು, ಮೇಷ್ಟ್ರು ಅಭ್ಯಾಸಬಲದಿಂದ ಮುಂದೆ, ಪಕ್ಕದ ಸೀಟಿನಲ್ಲಿ.

ಕಾರು ದೊಡ್ಡ ರಸ್ತೆಗೆ ಬಂತು. ಆಮೇಲೆ ಟೀಚರು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದರು.

‘ನನಗೆ ಮಾತ್ರ ಅಂದಿದ್ರಿ, ಮೇಷ್ಟ್ರೇ.’

‘ಹೇಳುವಾಗ ನಿಜ ಅಂತಲೇ ಅನ್ನಿಸ್ತಿತ್ತು, ಟೀಚರ್.’

ಟೀಚರು ತಲೆಯಾಡಿಸಿದರು. ಗೇರು ಬದಲಿಸಿದರು, ಕನ್ನಡಿ ನೋಡಿಕೊಂಡು ತಿರುವು ತೆಗೆದುಕೊಂಡರು. ಚೆನ್ನಾಗಿ ಓಡಿಸುತ್ತಿದ್ದರು, ಯಾರು ಕಲಿಸಿದ್ದು ಮತ್ತೆ. ಕಾಲು ಮೇಲಿಟ್ಟುಕೊಂಡು ಆರಾಮಾಗಿ ಕೂತುಕೊಳ್ಳಿ, ನಾನಿದ್ದೇನೆ ಎಂದರು. ಮೇಷ್ಟ್ರು ಆಗಲಿ ಎಂದು ಚಪ್ಪಲಿ ಬಿಟ್ಟರು. ಎಡಗಾಲನ್ನು ಕೈಯಲ್ಲಿ ಹಿಡಿದು ಮೇಲಿಟ್ಟುಕೊಂಡರು. ಬಲಗಾಲು ಎತ್ತಲು ಹೋದರು, ಆಗಲಿಲ್ಲ. ಮಂಡಿಯ ನೋವಿನಿಂದಲ್ಲ, ಅವತ್ತು ಮಂಡಿ ಅಷ್ಟೇನೂ ನೋಯುತ್ತಿರಲಿಲ್ಲ. ಹಳೇ ಅಂಚೆ ಕಚೇರಿಯ ಹಿಂದಿನ ರಸ್ತೆಗೆ ಕಾರು ಹೊರಳಿತ್ತು, ಮುಂದೆ ಒಂದು ಲಾರಿ ನಿಂತಿತ್ತು, ಬಲಗಾಲು ಕೆಳಗಿನ ರಬ್ಬರ್ ಚಾಪೆಯನ್ನು ಬಲವಾಗಿ ಒತ್ತಿ ಹಿಡಿದಿತ್ತು. ಕಾರು ಲಾರಿಯನ್ನು ದಾಟಿತು. ಅದರ ಹಿಂದೆ ಯಾರೂ ಇರಲಿಲ್ಲ. ಮನೆಯ ಬಾಗಿಲಿಗೆ ಬಂದು ಟೀಚರು ಕಾರು ನಿಲ್ಲಿಸಿ, ಹಿಂದಿನಿಂದ ಹೆಂಡತಿ ‘ರೀ, ಮನೆ ಬಂತು’ ಎಂದು ಎರಡು ಸಲ ಕರೆದ ಮೇಲೂ ಮೇಷ್ಟ್ರು ಒತ್ತಿಕೊಂಡೇ ಕೂತಿದ್ದರು.